ಬೀಚ್ ಬಿಟ್ಟು ಪಣಜಿಯಲ್ಲಿ ಮೂರು ದಿನ: ಮಂಡ್ಯದ ಗೆಳೆಯರಿಗೆ ಉತ್ತರ

ನಿನ್ನೆ ನೀವು ಕೇಳಿದ್ದಿರಿ. ಜನವರಿಯಲ್ಲಿ ಅಪ್ಪ, ಮನೆಯವರು, ಇಬ್ಬರು ಮಕ್ಕಳ ಜೊತೆ ಮೂರು ದಿನ ಪಣಜಿಗೆ ಹೋಗ್ತಿದ್ದೀವಿ, ಬೀಚ್ ಮುಖ್ಯ ಅಲ್ಲ, ಪೋರ್ಚುಗೀಸರ ಹಳೆ ಊರು ನೋಡಬೇಕು, ತೋಟ ಮಾಡೋರಿಗೆ ನೋಡೋಕೆ ಏನಾದ್ರೂ ಇದೆಯಾ, ಬರುವಾಗ ಮಂಕುರಾದ್ ಮಾವಿನ ಗಿಡ ತರಬಹುದಾ ಅಂತ. ಬೀಚ್ ಇಲ್ಲದಿದ್ದರೆ ಒಂದು ದಿನ ಸಾಕು ಅಂತ ಇಬ್ಬರು ಬರೆದಿದ್ದಾರೆ. ಅವರ ಮಾತು ಕೇಳಬೇಡಿ. ನಾನು ಕುಮಟಾದವನು, ಗೋವಾ ನಮಗೆ ಪಕ್ಕದ ಊರಿದ್ದ ಹಾಗೆ, ವರ್ಷಕ್ಕೆ ಒಂದೆರಡು ಸಲ ಏನಾದರೂ ನೆಪ ಮಾಡಿಕೊಂಡು ಹೋಗುತ್ತೇನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಹೋಗುವ ವಿಷಯ. ಅಪ್ಪನಿಗೆ ವಯಸ್ಸಾಗಿದೆ ಅಂದಿರಿ, ಹಾಗಾಗಿ ರೈಲೇ ಒಳ್ಳೇದು. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ವಾಸ್ಕೋಗೆ ಹೋಗುವ ಗಾಡಿ ಹತ್ತಿ ಮಡಗಾಂವ್‌ನಲ್ಲಿ ಇಳಿಯಿರಿ. ಘಟ್ಟ ಇಳಿಯುವಾಗ ಬೆಳಕಿದ್ದರೆ ದೂಧ್‌ಸಾಗರ್ ಕಿಟಕಿಯಲ್ಲೇ ಕಾಣುತ್ತದೆ. ಮಡಗಾಂವ್ ಬಸ್‌ಸ್ಟ್ಯಾಂಡಿನಿಂದ ಪಣಜಿಗೆ ಕದಂಬ ಸಾರಿಗೆಯ ನಾನ್‌ಸ್ಟಾಪ್ ಬಸ್ ಇದೆ. ಟಿಕೆಟ್ ಕೌಂಟರಿನಲ್ಲಿ ತೆಗೆದುಕೊಂಡು ಸಾಲಿನಲ್ಲಿ ನಿಂತರೆ ಆಯಿತು. ಹೌದು, ಕದಂಬ ಅಂದರೆ ನಮ್ಮ ಬನವಾಸಿ ಹೆಸರಿನ ಕದಂಬರೇ. ಅವರ ಒಂದು ಶಾಖೆ ಗೋವಾ ಆಳಿತ್ತು, ಅವರ ಹೆಸರು ಈಗ ಬಸ್ಸಿನ ಮೇಲಿದೆ.

ಉಳಿಯುವುದು ಪಣಜಿ ಊರೊಳಗೇ ಇರಲಿ. ಕಲಂಗುಟ್ ಕಡೆ ರೂಮ್ ಹಿಡಿದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಆದರೆ ಮಾಂಡವಿ ನದಿ ದಡಕ್ಕೆ ತೀರಾ ಅಂಟಿಕೊಂಡು ಬೇಡ. ಅಲ್ಲಿ ಕ್ಯಾಸಿನೋ ಹಡಗುಗಳು ನಿಂತಿರುತ್ತವೆ, ಸಂಜೆಯಾದರೆ ಬನ್ನಿ ಬನ್ನಿ ಅಂತ ಕರೆಯುವವರ ಕಾಟ. ಒಮ್ಮೆ ಅಲ್ಲೇ ರೂಮ್ ಹಿಡಿದು ರಾತ್ರಿಯಿಡೀ ಎಚ್ಚರ ಇದ್ದವನು ನಾನು.

ಮೊದಲ ದಿನ ಬೆಳಿಗ್ಗೆ ಬೇಗ ಎದ್ದು ಫೊಂಟೇನಾಸ್‌ಗೆ ನಡೆದುಕೊಂಡು ಹೋಗಿ. ಬಸ್‌ಸ್ಟ್ಯಾಂಡಿನ ಹತ್ತಿರದ ಔರೆಂ ಹೊಳೆ ದಾಟಿದರೆ ಅದೇ. ಏಳು ಗಂಟೆಗೆ ಹೋದರೆ ಓಣಿ ನಿಮ್ಮದು. ಒಂಬತ್ತರ ಮೇಲೆ ಹೋದರೆ ಫೋಟೋಶೂಟ್ ಮಾಡಿಸುವವರದು. ಅರಿಶಿನ, ನೀಲಿ, ಕೆಂಪು ಮಣ್ಣಿನ ಬಣ್ಣದ ಮನೆಗಳು, ಮಂಗಳೂರು ಹೆಂಚು, ಕಬ್ಬಿಣದ ಸಣ್ಣ ಬಾಲ್ಕನಿ, ಬಾಗಿಲ ಪಕ್ಕ ನೀಲಿ ಬಿಳಿ ಟೈಲ್ಸಿನಲ್ಲಿ ಮನೆಯವರ ಹೆಸರು. ಪೋರ್ಚುಗೀಸರ ಕಾಲದಲ್ಲಿ ಬಿಳಿ ಬಣ್ಣ ಚರ್ಚಿಗೆ ಮೀಸಲು, ಮನೆಗೆ ಬೇರೆ ಬಣ್ಣ ಅಂತ ಅಲ್ಲಿಯವರು ಹೇಳುತ್ತಾರೆ. ಹಳೆ ಮನೆಯ ಕಿಟಕಿಗಳನ್ನು ಮಾತ್ರ ನಿಂತು ನೋಡಿ. ಕೆಲವಕ್ಕೆ ಗಾಜೇ ಇಲ್ಲ. ಚಪ್ಪಟೆ ಚಿಪ್ಪನ್ನು ಅಂಗೈಗಿಂತ ಸಣ್ಣ ಚೌಕ ಮಾಡಿ ಮರದ ಪಟ್ಟಿಗಳ ನಡುವೆ ಕೂರಿಸಿದ್ದಾರೆ. ಹೊರಗಿನಿಂದ ನೋಡಿದರೆ ಮಾಸಿದ ಬಿಳಿ, ಏನೂ ಅನ್ನಿಸುವುದಿಲ್ಲ. ನಾನು ಒಂದು ಮನೆಯಲ್ಲಿ ಒಳಗೆ ಕೂತು ನೋಡಿದ್ದೇನೆ, ಬಿಸಿಲು ತೆಳು ಮಜ್ಜಿಗೆ ಬಣ್ಣದಲ್ಲಿ ನೆಲದ ಮೇಲೆ ಬೀಳುತ್ತದೆ, ಕಣ್ಣಿಗೆ ಚುಚ್ಚುವುದೇ ಇಲ್ಲ. ಸೆಕೆಯ ಊರಿಗೆ ಇದಕ್ಕಿಂತ ಒಳ್ಳೆ ಕಿಟಕಿ ಇನ್ನೊಂದಿಲ್ಲ.

ಇನ್ನೊಂದು ಮಾತು. ಅವು ಜನ ವಾಸ ಇರುವ ಮನೆಗಳು. ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರಿಂದ ಅವರಿಗೆ ಸಾಕಾಗಿ ಹೋಗಿದೆ, ಬೋರ್ಡ್ ಬೇರೆ ಹಾಕಿದ್ದಾರೆ. ನಮ್ಮ ಜಗುಲಿ ಮೇಲೆ ಯಾರೋ ಬಂದು ಪೋಸ್ ಕೊಟ್ಟರೆ ನಾವು ಸುಮ್ನೆ ಇರ್ತೀವಾ? ಮಕ್ಕಳಿಗೆ ಮೊದಲೇ ಹೇಳಿಡಿ.

ಅದೇ ಓಣಿಯ ಕೊನೆಗೆ ಸೇಂಟ್ ಸೆಬಾಸ್ಟಿಯನ್ ಚಾಪೆಲ್ ಇದೆ. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಶಿಲುಬೆ ನೋಡಿ. ಬೇರೆ ಕಡೆ ಏಸು ತಲೆ ಬಾಗಿಸಿ ಕಣ್ಣು ಮುಚ್ಚಿರುತ್ತಾನೆ, ಇಲ್ಲಿ ತಲೆ ಎತ್ತಿ ಕಣ್ಣು ಬಿಟ್ಟಿದ್ದಾನೆ. ಇದು ಮೊದಲು ಹಳೆ ಗೋವಾದ ಇನ್‌ಕ್ವಿಸಿಷನ್ ಕಟ್ಟಡದಲ್ಲಿತ್ತು. ಅಂದರೆ ಧರ್ಮದ ಹೆಸರಿನಲ್ಲಿ ಜನರನ್ನು ಹಿಡಿದು ವಿಚಾರಣೆ ಮಾಡುತ್ತಿದ್ದ ಕೋರ್ಟು. 1560ರಲ್ಲಿ ಶುರುವಾಗಿ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ನಡೆಯಿತು. ಬಣ್ಣದ ಮನೆ ನೋಡಿದ ಮೇಲೆ ಇದೂ ಗೊತ್ತಿರಲಿ ಅಂತ ಬರೆದೆ.

ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ದೊಡ್ಡ ಬಿಳಿ ಚರ್ಚು, ಎದುರಿಗೆ ಆ ಕಡೆ ಈ ಕಡೆ ತಿರುಗುತ್ತಾ ಏರುವ ಮೆಟ್ಟಿಲು, ಎಲ್ಲ ಫೋಟೋಗಳಲ್ಲೂ ಬರುತ್ತದಲ್ಲ ಅದೇ. 1541ರಲ್ಲಿ ಸಣ್ಣ ಚಾಪೆಲ್ ಆಗಿದ್ದದ್ದನ್ನು 1619ರಲ್ಲಿ ದೊಡ್ಡದು ಮಾಡಿದರು. ಅಪ್ಪನಿಗೆ ಮಂಡಿನೋವು ಇದ್ದರೆ ಹತ್ತಿಸಬೇಡಿ, ಕೆಳಗಿನ ಪಾರ್ಕಿನ ಬೆಂಚಿನಲ್ಲಿ ಕೂತೇ ಚೆನ್ನಾಗಿ ಕಾಣುತ್ತದೆ. ನಮ್ಮಂಥವರಿಗೆ ಚರ್ಚಿಗಿಂತ ಆ ಪಾರ್ಕಿನ ಹೆಸರು ಮುಖ್ಯ. ಗಾರ್ಸಿಯಾ ದ ಓರ್ತಾ ಅಂತ ಒಬ್ಬ ಪೋರ್ಚುಗೀಸ್ ವೈದ್ಯನ ಹೆಸರು ಅದು. ನಮ್ಮ ನಾಡಿನ ಮದ್ದಿನ ಗಿಡ, ಹಣ್ಣು, ಮಸಾಲೆ ಬಗ್ಗೆ ಇಲ್ಲಿಯ ವೈದ್ಯರನ್ನು ಕೇಳಿ ಕೇಳಿ ಬರೆದ. ಆ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವನು ಯಹೂದಿ ಮೂಲದವನು. ಸತ್ತ ಮೇಲೆ, ಒಳಗೊಳಗೇ ಯಹೂದಿ ಧರ್ಮ ಪಾಲಿಸುತ್ತಿದ್ದ ಅಂತ ಅದೇ ಇನ್‌ಕ್ವಿಸಿಷನ್‌ನವರು 1580ರಲ್ಲಿ ಗೋರಿಯಿಂದ ಮೂಳೆ ತೆಗೆಸಿ ಸುಟ್ಟರು. ಈಗ ಅವನ ಹೆಸರಿನ ಪಾರ್ಕಿನಲ್ಲಿ ಕೂತು ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಾರೆ.

ಮಧ್ಯಾಹ್ನ ಬಿಸಿಲು ಜಾಸ್ತಿ, ರೂಮಿಗೆ ಹೋಗಿ ಮಲಗಿ. ಸಂಜೆ ನದಿ ದಡದಲ್ಲಿ ಹಳೆ ಸೆಕ್ರೆಟರಿಯೇಟ್ ಹೊರಗಿನಿಂದ ನೋಡಿದರೆ ಸಾಕು. ಅದು ಮೂಲದಲ್ಲಿ ಬಿಜಾಪುರದ ಆದಿಲ್‌ಶಾಹಿಯವರ ಅರಮನೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಆಫೊನ್ಸೊ ದ ಆಲ್ಬುಕರ್ಕ್ ಗೋವಾ ಕಿತ್ತುಕೊಂಡದ್ದು ಬಿಜಾಪುರದಿಂದಲೇ. ಕಿತ್ತುಕೋ ಬಾ ಅಂತ ಹುರಿದುಂಬಿಸಿ ಜೊತೆಗೆ ನಿಂತವನು ನಮ್ಮ ಪಕ್ಕದ ಹೊನ್ನಾವರದ ಹಡಗುಪಡೆ ನಾಯಕ ತಿಮ್ಮೋಜ! ಅಲ್ಲಿಂದ 1961ರ ಡಿಸೆಂಬರ್ 19ರವರೆಗೆ 451 ವರ್ಷ ಪೋರ್ಚುಗೀಸರೇ ಇದ್ದರು. ತಿಮ್ಮೋಜ ಇಷ್ಟು ಲೆಕ್ಕ ಹಾಕಿರಲಿಕ್ಕಿಲ್ಲ ಬಿಡಿ.

ಎರಡನೇ ದಿನ ಹಳೆ ಗೋವಾ. ಪಣಜಿಯಿಂದ ಹತ್ತು ಕಿಲೋಮೀಟರ್ ಒಳಗೆ. ಬಸ್ ಬೇಕಾದಷ್ಟಿವೆ, ರಿಬಂದರ್ ಮೇಲೆ ಹೋಗುವ ಬಸ್ಸನ್ನೇ ಹತ್ತಿ. ಪಣಜಿ ಬಿಟ್ಟ ಕೂಡಲೇ ಬರುವ ಉದ್ದದ ದಾರಿ ಇದೆಯಲ್ಲ, ಒಂದು ಕಡೆ ಮಾಂಡವಿ, ಇನ್ನೊಂದು ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಡು, ಹಳೆ ಉಪ್ಪಿನ ಗದ್ದೆ. ಅದು 1630ರ ದಶಕದಲ್ಲಿ ಜೌಗಿನ ಮೇಲೆ ಕಲ್ಲು ಕಟ್ಟಿ ಮಾಡಿದ ಸೇತುವೆ ರಸ್ತೆ. ಸುಮಾರು ಮೂರು ಕಿಲೋಮೀಟರ್ ಇದೆ, ಇವತ್ತಿಗೂ ಗಾಡಿ ಓಡುತ್ತವೆ.

ಹಳೆ ಗೋವಾ ಒಂದು ಕಾಲದ ರಾಜಧಾನಿ. ರೋಗ ರುಜಿನ ಬಂದು ಜನ ಖಾಲಿಯಾದರು, 1843ರಲ್ಲಿ ಪಣಜಿಯನ್ನೇ ಅಧಿಕೃತ ರಾಜಧಾನಿ ಮಾಡಿದರು. ಈಗ ಅಲ್ಲಿ ಊರಿಲ್ಲ, ಹುಲ್ಲಿನ ನಡುವೆ ಚರ್ಚುಗಳು. ಎಲ್ಲ ನೋಡುತ್ತೀನಿ ಅಂದರೆ ಮಕ್ಕಳು ಅಳುತ್ತಾರೆ. ಮೂರು ಸಾಕು.

ಬೋಮ್ ಜೀಸಸ್ ಚರ್ಚು ಮೊದಲು. 1605ರದ್ದು. ಕ್ರೈಸ್ತ ಧರ್ಮ ಪ್ರಚಾರಕ್ಕೆ ಬಂದಿದ್ದ ಸೇಂಟ್ ಫ್ರಾನ್ಸಿಸ್ ಝೇವಿಯರ್ ದೇಹ ಇಲ್ಲೇ ಇರುವುದು. ಕೆಳಗಿನ ಅಮೃತಶಿಲೆ ಇಟಲಿಯಿಂದ ಬಂದದ್ದು, ಮೇಲಿನ ಬೆಳ್ಳಿ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ನನಗೆ ಯಾವಾಗಲೂ ಮೇಲಿನದ್ದೇ ಹೆಚ್ಚು ಅನ್ನಿಸುತ್ತದೆ. ಹೊರಗೆ ಬಂದು ಗೋಡೆ ಮುಟ್ಟಿ ನೋಡಿ. ಬೇರೆ ಚರ್ಚೆಲ್ಲ ಬಿಳಿ, ಇದೊಂದು ಬೋಳು ಚಿರೆಕಲ್ಲು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ. ಇದಕ್ಕೂ ಗಾರೆ ಇತ್ತು, 1950ರ ದಶಕದಲ್ಲಿ ಹಳೇದರ ಹಾಗೆ ಕಾಣಲಿ ಅಂತ ಕೆತ್ತಿ ತೆಗೆಸಿದರು. ಕರಾವಳಿಯ ಮಳೆಗೆ ಚಿರೆಕಲ್ಲು ಬರಿಮೈಯಲ್ಲಿ ನಿಂತರೆ ಏನಾಗುತ್ತದೆ ಅಂತ ನಮ್ಮ ಊರಿನ ಗೌಂಡಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಬೆರಳಿಟ್ಟರೆ ಸಣ್ಣ ಸಣ್ಣ ಗುಂಡಿ, ಕೆಳಗೆ ಕೆಂಪು ಪುಡಿ. ಮತ್ತೆ ಗಾರೆ ಮಾಡಬೇಕಾ ಬೇಡವಾ ಅಂತ ಅಲ್ಲಿ ಇನ್ನೂ ಜಗಳ ಇದೆ. ನನ್ನ ಓಟು ಗಾರೆಗೆ.

ಎದುರಿಗಿರುವುದು ಸೆ ಕೆಥೆಡ್ರಲ್. ಎರಡು ಗೋಪುರದಲ್ಲಿ ಒಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲೇ ಇಲ್ಲ. ಆಮೇಲೆ ಗುಡ್ಡದ ಮೇಲೆ ಸೇಂಟ್ ಆಗಸ್ಟೀನ್ ಪಾಳು. ಚರ್ಚೆಲ್ಲ ಕುಸಿದು 46 ಮೀಟರ್ ಎತ್ತರದ ಗೋಪುರದ ಅರ್ಧ ಮಾತ್ರ ನಿಂತಿದೆ, ಪಣಜಿ ಚರ್ಚಿನ ದೊಡ್ಡ ಗಂಟೆ ಇಲ್ಲಿಂದಲೇ ಹೋದದ್ದು. ಟಿಕೆಟ್ ಏನೂ ಇಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅಪ್ಪನ ಪಂಚೆಗೆ ಯಾರೂ ಏನೂ ಅನ್ನಲ್ಲ, ಮಕ್ಕಳ ಗಿಡ್ಡ ಚಡ್ಡಿಯದ್ದೇ ತಾಪತ್ರಯ. ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ, ಆ ದಿನ ಬಿಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಚರ್ಚು ಮುಗಿಸಿ ಎಲ್ಲರೂ ಬಸ್ ಹತ್ತುತ್ತಾರೆ. ನೀವು ವೈಸ್‌ರಾಯ್ ಕಮಾನಿನ ಕೆಳಗೆ ಹಾದು ನದಿ ಕಡೆ ಇಳಿಯಿರಿ. ಅಲ್ಲಿ ದಿವಾಡಿ ದ್ವೀಪಕ್ಕೆ ಫೆರ್ರಿ ಇದೆ, ನಡೆದು ಹತ್ತುವವರಿಗೆ ದುಡ್ಡಿಲ್ಲ, ಐದು ಹತ್ತು ನಿಮಿಷದ ದಾರಿ. ಆ ಕಡೆ ಇಳಿದರೆ ಎರಡೂ ಬದಿ ಖಜಾನ್ ಗದ್ದೆ. ನಮ್ಮ ಅಘನಾಶಿನಿ ದಂಡೆಯಲ್ಲಿ ಇದನ್ನೇ ಗಜನಿ ಅನ್ನುತ್ತೇವೆ. ಸಮುದ್ರದ ಉಬ್ಬರದ ನೀರು ನುಗ್ಗುವ ಜಾಗಕ್ಕೆ ಮಣ್ಣು ಕಲ್ಲಿನ ಒಡ್ಡು ಹಾಕಿ, ನಡುವೆ ಹಲಗೆ ಬಾಗಿಲು ಇಟ್ಟು ಗದ್ದೆ ಮಾಡಿದ್ದು. ಬಾಗಿಲಿಗೆ ಅಲ್ಲಿ ಮಾನಸ ಅಂತಾರೆ. ಇಳಿತದಲ್ಲಿ ಗದ್ದೆಯ ನೀರು ತಳ್ಳಿದರೆ ಹಲಗೆ ತೆರೆದುಕೊಳ್ಳುತ್ತದೆ, ಉಬ್ಬರದಲ್ಲಿ ನದಿ ನೀರು ಒತ್ತಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ಮಳೆಗಾಲದಲ್ಲಿ ಉಪ್ಪು ತಡೆಯುವ ಕೊರ್ಗುಟ್ ಭತ್ತ, ನಮ್ಮಲ್ಲಿ ಕಗ್ಗ ಇದ್ದ ಹಾಗೆ. ಕೊಯ್ಲಾದ ಮೇಲೆ ನೀರು ಬಿಟ್ಟು ಮೀನು, ಸಿಗಡಿ. ನೀವು ಹೋಗುವಾಗ ನೀರು ನಿಂತು ಕೊಕ್ಕರೆ ತುಂಬಿರಬಹುದು. ವಿಶ್ವೇಶ್ವರಯ್ಯ ನಾಲೆ ನೀರಿಗೆ ದಿನ ಎಣಿಸುವ ನಿಮಗೆ, ನೀರನ್ನು ಹೊರಗಿಡುವುದೇ ಬೇಸಾಯ ಆಗಿರುವ ಈ ಜಾಗ ನೋಡಿದರೆ ಮಜಾ ಅನ್ನಿಸುತ್ತದೆ.

ಇದನ್ನು ಪೋರ್ಚುಗೀಸರು ಮಾಡಿದ್ದಲ್ಲ, ಅವರು ಬರುವ ಮೊದಲೇ ಇತ್ತು. ಊರ ಜಮೀನನ್ನು ಗಾಂವ್ಕರರು, ಅಂದರೆ ಊರಿನ ಮೂಲ ಮನೆತನದವರು, ಸೇರಿ ನೋಡಿಕೊಳ್ಳುವ ಪದ್ಧತಿಯೂ ಮೊದಲಿನದ್ದೇ. ಪೋರ್ಚುಗೀಸರು 1526ರಲ್ಲಿ ಅದನ್ನು ಕಾಗದದ ಮೇಲೆ ಬರೆದಿಟ್ಟರು, ಅಷ್ಟೆ.

ಅವರು ತಂದದ್ದು ಬೇರೆ. ಗೇರು, ಅನಾನಸು, ಪರಂಗಿ, ಮೆಣಸಿನಕಾಯಿ ಎಲ್ಲ ಅಮೆರಿಕ ಖಂಡದಿಂದ ಅವರ ಹಡಗಿನಲ್ಲಿ ಬಂದವು. ಪರಂಗಿ ಹಣ್ಣು ಅಂತ ಹೆಸರೇ ಇದೆಯಲ್ಲ. ಚಾವಿ, ಪಾದ್ರಿ, ಹುಬ್ಬಳ್ಳಿ ಕಡೆಯ ಪಗಾರ, ಇವೂ ಅವರ ಮಾತೇ. ಮಾವು ನಮ್ಮದೇ. ಆದರೆ ಓಟೆ ನೆಟ್ಟರೆ ತಾಯಿ ಮರದ ಹಣ್ಣೇ ಬರುತ್ತದೆ ಅಂತ ಗ್ಯಾರಂಟಿ ಇಲ್ಲ ಅಂತ ನಮಗೆಲ್ಲ ಗೊತ್ತು. ಗೋವಾದ ಪಾದ್ರಿಗಳು ಒಳ್ಳೆ ಮರ ಹುಡುಕಿ ಕಸಿ ಕಟ್ಟಿ ಹಂಚಿದರು. ನೀವು ಬಾದಾಮಿ ಅನ್ನುವ, ಧಾರವಾಡದವರು ಆಪೂಸ್ ಅನ್ನುವ ಹಣ್ಣಿಗೆ ಅಲ್ಫೊನ್ಸೊ ಅನ್ನುವ ಹೆಸರು ಮೇಲೆ ಹೇಳಿದ ಆಲ್ಬುಕರ್ಕ್‌ನದ್ದು. ಮಂಕುರಾದ್ ಅಂದರೆ ಅವರ ಮಾತಿನಲ್ಲಿ ಬಣ್ಣಗೆಟ್ಟದ್ದು ಅಂತ. ಸಿಪ್ಪೆ ನೋಡಿ ಇಟ್ಟ ಹೆಸರು, ತಿಂದು ನೋಡಿ ಇಟ್ಟದ್ದಲ್ಲ.

ಮೂರನೇ ದಿನ ಪೋಂಡಾ ಕಡೆ ಮಂಗೇಶಿ ದೇವಸ್ಥಾನ ನೋಡಿ. ಪೋರ್ಚುಗೀಸರು ಗುಡಿ ಒಡೆಯುವ ಕಾಲದಲ್ಲಿ ದೇವರನ್ನು ರಾತ್ರೋರಾತ್ರಿ ಹೊತ್ತು ನದಿ ದಾಟಿಸಿ ಇಟ್ಟ ಜಾಗ ಅದು. ಆಗ ಓಡಿ ಬಂದ ಎಷ್ಟೋ ಮನೆತನ ನಮ್ಮ ಕುಮಟಾ ಪೇಟೆಯಲ್ಲಿವೆ, ಅವರ ಕುಲದೇವರು ಇವತ್ತಿಗೂ ಗೋವಾದಲ್ಲೇ. ಅದೇ ದಾರಿಯಲ್ಲಿ ಮಸಾಲೆ ತೋಟ ತೋರಿಸುತ್ತೇವೆ ಅಂತಾರೆ. ಬೇಡ. ಕಾಳುಮೆಣಸಿನ ಬಳ್ಳಿ ನೋಡೋಕೆ ದುಡ್ಡು ಕೊಡುವುದಾದರೆ ನಮ್ಮನೆಗೆ ಬನ್ನಿ, ಊಟವೂ ಹಾಕುತ್ತೇನೆ.

ಊಟದ್ದು ಜಾಸ್ತಿ ಬರೆಯಲ್ಲ. ಬೆಳಿಗ್ಗೆ ಸೈಕಲ್ಲಿನಲ್ಲಿ ಪೊಂ ಪೊಂ ಅಂತ ಬರುವ ಬ್ರೆಡ್ಡಿನವನ ಹತ್ತಿರ ಬಿಸಿ ಪೊಯ್ ತೆಗೆದುಕೊಳ್ಳಿ. ಅಪ್ಪ ಸಸ್ಯಾಹಾರಿ ಅಂದಿರಿ, ಪಣಜಿ ಪೇಟೆಯಲ್ಲಿ ಭಾಜಿ ಪಾವ್ ಎಲ್ಲ ಕಡೆ ಸಿಗುತ್ತದೆ. ಬೆಬಿಂಕಾ ಅನ್ನುವ ಸಿಹಿ ಪದರ ಪದರವಾಗಿ ಚೆನ್ನಾಗಿರುತ್ತದೆ, ಆದರೆ ಮೊಟ್ಟೆ ಇರುತ್ತದೆ, ಅವರಿಗೆ ಹೇಳಿಬಿಡಿ. ಗೇರುಹಣ್ಣಿನ ಸಾರಾಯಿ ಫೆನಿ ಬಟ್ಟಿ ಇಳಿಸುವುದು ನೋಡಬೇಕಾದರೆ ಆ ಹಣ್ಣಿನ ಕಾಲ ಬೇಕು, ಮಾರ್ಚ್‌ನಿಂದ ಮೇ.

ಟ್ಯಾಕ್ಸಿ ದುಬಾರಿ, ಹತ್ತುವ ಮೊದಲೇ ಮಾತಾಡಿ. ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಕಪ್ಪು ಪ್ಲೇಟಿನ ಮೇಲೆ ಹಳದಿ ನಂಬರ್ ಇರುವುದೇ ಆಗಬೇಕು. ನನಗೆ ಒಬ್ಬ ಬಿಳಿ ಪ್ಲೇಟಿನದ್ದು ಕೊಟ್ಟು ಏನೂ ಆಗಲ್ಲ ಅಂದಿದ್ದ. ಎರಡನೇ ಸರ್ಕಲ್ಲಿನಲ್ಲೇ ಆಯಿತು, ದಂಡ ಕಟ್ಟಿದ್ದು ನಾನು.

ಇನ್ನು ಗಿಡದ್ದು. ರಸ್ತೆ ಬದಿ ನರ್ಸರಿಯಲ್ಲಿ ಮಂಕುರಾದ್ ಅಂತ ಕೊಡುವುದನ್ನು ನಂಬಬೇಡಿ, ಎಲೆ ನೋಡಿ ಜಾತಿ ಹೇಳೋಕೆ ಆಗಲ್ಲ. ಹಳೆ ಗೋವಾದಲ್ಲೇ, ಎಲಾ ಅನ್ನುವ ಕಡೆ, ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ಮೊದಲೇ ಫೋನ್ ಮಾಡಿ ಕಸಿ ಗಿಡ ಇದೆಯಾ ಕೇಳಿಕೊಂಡು, ರಜೆ ಇಲ್ಲದ ದಿನ ಹೋಗಿ. ನಿಮ್ಮ ಬಯಲುಸೀಮೆಗೆ ಹೊಂದುತ್ತದಾ ಅಂತಲೂ ಅಲ್ಲೇ ಕೇಳಿ. ಎರಡೇ ಗಿಡ ತನ್ನಿ. ಕಸಿ ಗಂಟಿನ ಕೆಳಗೆ ಚಿಗುರು ಇದ್ದರೆ ಅಲ್ಲೇ ಚಿವುಟಿಸಿ. ರೈಲಿಗೆ ಹತ್ತುವ ಮೊದಲು ಪಾಕೀಟಿಗೆ ಒದ್ದೆ ಗೋಣಿ ಸುತ್ತಿ, ಸೀಟಿನ ಕೆಳಗೆ ನಿಲ್ಲಿಸಿಯೇ ಇಡಿ, ಮಲಗಿಸಿದರೆ ಬೇರಿನ ಮಣ್ಣು ಒಡೆಯುತ್ತದೆ. ಮನೆಗೆ ಬಂದ ಮೇಲೆ ಒಂದು ವಾರ ನೆರಳಲ್ಲಿರಲಿ, ಆಮೇಲೆ ಗುಂಡಿಗೆ.