200 ಸಹಿ ಎಲ್ಲಿ ಹೋದವು?

ಪ್ರಶ್ನೆ: ನಮ್ಮ ಬೀದಿ ಕೊನೆಯ ಖಾಲಿ ಜಾಗದಲ್ಲಿ ಕಸ ಸುರಿದು ಬೆಂಕಿ ಹಚ್ಚುತ್ತಾರೆ. ಪಕ್ಕದ ಬೋರ್ ನೀರೂ ವಾಸನೆ ಹೊಡೆಯುತ್ತಿದೆ. 200 ಜನರ ಸಹಿ ಹಾಕಿಸಿ ಮನವಿ ಕೊಟ್ಟು ಆರು ತಿಂಗಳಾಯಿತು, ಉತ್ತರವಿಲ್ಲ. ಮನವಿಯ ಪ್ರತಿ ಇದರ ಜೊತೆಗಿದೆ. ಇನ್ನೇನು ಮಾಡೋದು? ನೀರು ಕುದಿಸಿ ಕುಡಿದರೆ ಸಾಕಾ?

ಉತ್ತರ: ಪ್ರತಿ ಓದಿದೆ. ಒಂದೂವರೆ ಪುಟ ಕೋಪ ಇದೆ, ನ್ಯಾಯವಾದ ಕೋಪವೇ. ಆದರೆ ಬೆಂಕಿ ಬಿದ್ದ ಒಂದೇ ಒಂದು ತಾರೀಖಿಲ್ಲ. 'ಶುದ್ಧ ಗಾಳಿ ಬೇಕು' ಅಂದರೆ ಯಾವ ಅಧಿಕಾರಿ ತಾನೇ ಬೇಡ ಅಂತಾರೆ? 'ಪರಿಶೀಲಿಸಲಾಗುವುದು' ಅಂತ ಬರೆದು ಫೈಲಿಗೆ ಸೇರಿಸ್ತಾರೆ, ಅಷ್ಟೇ.

ಒಂದು ನೋಟ್‌ಬುಕ್ ತಗೊಳ್ಳಿ. 'ಮಂಗಳವಾರ, ಬೆಳಿಗ್ಗೆ 6.20. ಕಪ್ಪು ಹೊಗೆ, ಪ್ಲಾಸ್ಟಿಕ್ ಸುಟ್ಟ ವಾಸನೆ, 40 ನಿಮಿಷ, ಗಾಳಿ ಶಾಲೆ ಕಡೆಗೆ.' ಇಷ್ಟೇ ಸಾಕು. ನಾಲ್ಕೈದು ಮನೆಯವರು ಸರದಿ ಮೇಲೆ ಒಂದು ತಿಂಗಳು ಬರೆಯಿರಿ, ಫೋಟೋ ತೆಗೆದಿಡಿ. ನಾವಿದ್ದ ಬೀದಿಯಲ್ಲಿ ಹೀಗೆ ಬರೆದಿಟ್ಟಾಗಲೇ ಗೊತ್ತಾಗಿದ್ದು, ಕಸದ ಗಾಡಿ ಬಾರದ ಮಾರನೇ ದಿನವೇ ಬೆಂಕಿ ಬೀಳುತ್ತಿತ್ತು; ಅಲ್ಲಿಯವರೆಗೆ ಬೆಂಕಿ ಹಚ್ಚುವವನನ್ನು ಬೈದುಕೊಂಡೇ ವರ್ಷ ಕಳೆದಿದ್ದೆವು. ಆಮೇಲೆ ಗಾಡಿಯ ಬಗ್ಗೆ ಮಾತ್ರ ಕೇಳಿದೆವು. (ಗಾಳಿ ಅಳೆಯುವ ಸಣ್ಣ ಯಂತ್ರ ಕೊಳ್ಳುವ ಆಸೆ ಇದ್ದರೆ ಕೊಳ್ಳಿ, ಹೊಗೆ ಏರಿದ್ದು ಇಳಿದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತೆ. ತೇವ ಜಾಸ್ತಿ ಇದ್ದಾಗ ಮಾತ್ರ ಅದು ಅಂಕಿ ಹೆಚ್ಚಿಸಿ ತೋರಿಸುವುದುಂಟು, ಹಾಗಾಗಿ ಆ ಅಂಕಿ ಹಿಡಿದು ಜಗಳಕ್ಕೆ ಹೋಗಬೇಡಿ.)

ಅಮೆರಿಕದ ಫ್ಲಿಂಟ್ ಊರಿನ ಕಥೆ ಕೇಳಿರಬಹುದು. 2014ರ ಏಪ್ರಿಲ್‌ನಲ್ಲಿ ಅಲ್ಲಿ ನದಿ ನೀರು ಬಿಟ್ಟರು, ಪೈಪು ಸವೆಯದಂತೆ ಹಾಕಬೇಕಿದ್ದ ಔಷಧಿ ಹಾಕಲಿಲ್ಲ, ಹಳೇ ಪೈಪಿನ ಸೀಸ ಎಂಬ ವಿಷಲೋಹ ನೀರಿಗೆ ಇಳಿಯಿತು. ಜನ ಕಂದು ನೀರಿನ ಬಾಟಲಿ ಹಿಡಿದು ಸಭೆಗೆ ಹೋದರೂ 'ನೀರು ಸರಿಯಾಗಿದೆ' ಎಂಬ ಉತ್ತರವೇ ಸಿಕ್ಕಿತು. 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, ನಿವಾಸಿಗಳೇ 250ಕ್ಕೂ ಹೆಚ್ಚು ಮನೆಗಳ ನಲ್ಲಿ ನೀರನ್ನು ಹಿಡಿದು ಪರೀಕ್ಷೆಗೆ ಕಳಿಸಿದರು. ಸೀಸ ಇರುವುದು ಬಯಲಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಹಳೇ ಮೂಲದ ನೀರು ವಾಪಸ್ ಬಂತು.

ಕುದಿಸುವ ವಿಚಾರ. ಕುದಿಸಿದರೆ ರೋಗಾಣು ಸಾಯುತ್ತೆ. ಸೀಸ, ನೈಟ್ರೇಟ್, ಫ್ಲೋರೈಡ್ ಎಲ್ಲೂ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಇನ್ನಷ್ಟು ಗಟ್ಟಿಯಾಗ್ತವೆ! ಕಸದ ರಾಶಿ ಪಕ್ಕದ ಬೋರ್ ಅಂದಮೇಲೆ ಮೊದಲು ಲ್ಯಾಬ್‌ಗೆ ಕಳಿಸಿ, ವರದಿ ಬರೋವರೆಗೆ ಅದನ್ನು ಕುಡಿಯಬೇಡಿ. ಮಕ್ಕಳಿಗಂತೂ ಬೇಡವೇ ಬೇಡ.

ಇನ್ನೊಂದು ಮಾತು, ಬೇಜಾರಾಗಬೇಡಿ. ಆ ರಾಶಿಯಲ್ಲಿ ಸಹಿ ಹಾಕಿದ 200 ಜನರ ಮನೆಗಳ ಕಸ ಎಷ್ಟಿದೆ? ಹಸಿ ಕಸ ಒಣ ಕಸದ ಜೊತೆ ಸೇರಿದರೆ ಕಾಗದ ಹಾಳಾಗುತ್ತೆ, ಪ್ಲಾಸ್ಟಿಕ್ ಮರುಬಳಕೆಯೂ ಕಷ್ಟವಾಗುತ್ತೆ. ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆತ ಹಸಿ ಕಸ ಮೀಥೇನ್ ಬಿಡುತ್ತೆ, ಅದು ಬೆಂಕಿಗೆ ತುಪ್ಪ. ಮೊದಲು ಹತ್ತು ಮನೆ ಹಸಿ ಕಸ ಬೇರೆ ಇಡಲಿ. ಆಮೇಲೆ ಹೊಸ ಮನವಿ ಬರೆಯಿರಿ, ಅರ್ಧ ಪುಟ ಸಾಕು: ನೋಟ್‌ಬುಕ್ಕಿನ ನಕಲು, ಲ್ಯಾಬ್ ವರದಿ, 'ಗಾಡಿ ಇಂಥ ದಿನ ಬರಲಿ' ಅನ್ನೋ ಒಂದೇ ಬೇಡಿಕೆ. ಕೊಟ್ಟಿದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋದು ಮರೀಬೇಡಿ, ಹಿಂದಿನ ಪ್ರತಿಯಲ್ಲಿ ಅದೂ ಇರಲಿಲ್ಲ.