ಆಟ ಮುಗಿದ ಮೇಲೆ ಏನೂ ಬೇಡ ಅನ್ನಿಸ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 39 ವರ್ಷ. ಮದ್ದೂರು ಹತ್ತಿರದ ಹಳ್ಳಿಯವನು. 17 ವರ್ಷ ಮಿಲಿಟರಿಯಲ್ಲಿದ್ದೆ. ಅದರಲ್ಲಿ 11 ವರ್ಷ ರೆಜಿಮೆಂಟ್ ಪರವಾಗಿ ರಗ್ಬಿ ಆಡಿದ್ದೇನೆ, ಚೆಂಡು ಹಿಡಿದು ಓಡುವ, ಮೈಗೆ ಮೈ ಗುದ್ದುವ ಆಟ. ಎರಡೂ ತಂಡ ಎದುರುಬದುರು ತಳ್ಳಾಡುವ ಸ್ಕ್ರಮ್‌ನಲ್ಲಿ ಮುಂದಿನ ಸಾಲು ನನ್ನದು. ಊರಿಗೆ ಬಂದು ಮೂರು ವರ್ಷವಾಯಿತು. ಎರಡು ಎಕರೆ ಕಬ್ಬಿದೆ, ಪೆನ್ಷನ್ ಬರುತ್ತದೆ, ಕೊರತೆ ಏನಿಲ್ಲ. ಆದರೂ ಏನೂ ಬೇಡ ಅನ್ನಿಸುತ್ತದೆ. ಸಂಜೆ ಆದರೆ ಕ್ಯಾಂಟೀನ್ ರಮ್ ಬೇಕು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮಗಳು ಲೋಟ ಬೀಳಿಸಿದರೂ ರೇಗುತ್ತೇನೆ. ಈಚೆಗೆ ಮರೆವೂ ಜಾಸ್ತಿ. ಊರಲ್ಲಿ ರಗ್ಬಿ ಅಂದರೆ ಯಾರಿಗೂ ಗೊತ್ತಿಲ್ಲ. ನನ್ನ ಬಲಗಿವಿ ಮುದುಡಿ ಹೂಕೋಸಿನ ಹಾಗಾಗಿದೆ. ಕಟಿಂಗ್ ಶಾಪಿನ ಹುಡುಗ ‘ಹುಟ್ಟಿದಾಗಿನಿಂದಲೂ ಹೀಗೇನಾ ಅಣ್ಣ?’ ಅಂತಾನೆ. ಹೂಂ ಅಂದು ಸುಮ್ಮನಾಗುತ್ತೇನೆ. ಗಂಡಸಾಗಿ ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಹೋಗೋದಾ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಮ್ ಅಲ್ಲ, ನಿದ್ದೆಯೂ ಅಲ್ಲ. ಕಟಿಂಗ್ ಶಾಪಿನಲ್ಲಿ ನೀವು ಹೇಳಿದ ಆ ‘ಹೂಂ’.

ಆ ಕಿವಿ ಹಾಗಾಗಿದ್ದು ಹೇಗೆ ಅಂತ ನಿಮಗೆ ಗೊತ್ತು. ತಲೆಗೆ ತಲೆ ಉಜ್ಜಿ, ಏಟು ಬಿದ್ದು, ಚರ್ಮಕ್ಕೂ ಒಳಗಿನ ಮೃದು ಎಲುಬಿಗೂ ನಡುವೆ ರಕ್ತ ಕಟ್ಟುತ್ತದೆ. ಅದನ್ನು ಬೇಗ ತೆಗೆಸದಿದ್ದರೆ ಎಲುಬಿಗೆ ಪೋಷಣೆ ಸಿಗದೆ ಮುದುಡಿಕೊಳ್ಳುತ್ತದೆ. ಅಂದರೆ ಅದು 11 ವರ್ಷದ ದುಡಿಮೆಯ ಗುರುತು. ಅದನ್ನು ಹುಟ್ಟಿನಿಂದ ಬಂದ ಊನ ಅಂತ ಒಪ್ಪಿಕೊಂಡು ಬಂದಿರಿ. ಮೂರು ವರ್ಷ ಎಷ್ಟು ಕಡೆ, ಎಷ್ಟು ಜನರ ಮುಂದೆ ಹೀಗೆ ಹೂಂ ಅಂದಿದ್ದೀರೋ!

ಮನೆಯಲ್ಲಿ ಸಾವಾದರೆ ಊರವರು ಬರುತ್ತಾರೆ, ಕೂರುತ್ತಾರೆ, ಹೋದವರ ವಿಷಯ ಮಾತಾಡುತ್ತಾರೆ. ತಿಥಿ ಆಗುವಷ್ಟರಲ್ಲಿ ಎದೆ ಸ್ವಲ್ಪ ಹಗುರಾಗಿರುತ್ತದೆ. ನಿಮ್ಮ ಆಟ ಹೋದಾಗ ಯಾರೂ ಬರಲಿಲ್ಲ. ಏನು ಹೋಯಿತು ಅಂತಲೇ ಅವರಿಗೆ ಗೊತ್ತಿಲ್ಲವಲ್ಲ.

ಸ್ಕ್ರಮ್ ಅಂದರೆ ಎರಡೂ ಕಡೆ ಎಂಟೆಂಟು ಜನ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ತಲೆ ಬಗ್ಗಿಸಿ ತಳ್ಳುವುದು, ಅಲ್ವಾ? ಅಷ್ಟು ವರ್ಷ ನಿಮ್ಮ ಹೆಗಲಿಗೆ ಇನ್ನೊಂದು ಹೆಗಲು ತಾಗಿಕೊಂಡೇ ಇತ್ತು. ಏಳುವ ಹೊತ್ತು, ಉಣ್ಣುವ ಹೊತ್ತು, ಬಯ್ಯುವವರು, ಬೆನ್ನು ತಟ್ಟುವವರು ಎಲ್ಲ ಇದ್ದರು. ಈಗ ಕಬ್ಬಿನ ಗದ್ದೆಯಲ್ಲಿ ಒಬ್ಬರೇ. ಇದನ್ನು ಸೋಮಾರಿತನ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ.

ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ ಕೆಟ್ಟಿದ್ದರೆ ಖಿನ್ನತೆ ಇದೆಯಾ ಅಂತ ನೋಡಿಸಲೇಬೇಕು. ಗಂಡಸರಲ್ಲಿ ಇದು ಅಳುವಾಗಿ ಬರುವುದು ಕಡಿಮೆ. ಸಿಟ್ಟಾಗಿ, ಕುಡಿತವಾಗಿ, ಮೌನವಾಗಿ ಬರುತ್ತದೆ. ಹಾಗಾಗಿ ಮನೆಯವರಿಗೆ ಅದು ಕಾಯಿಲೆಯಂತೆ ಕಾಣುವುದಿಲ್ಲ, ಗುಣ ಕೆಟ್ಟಂತೆ ಕಾಣುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಪ್ರತಿ 10 ಜನರಲ್ಲಿ ಸುಮಾರು 7 ಮಂದಿ ಗಂಡಸರು. ‘ಗಂಡಸಾಗಿ ಹೋಗೋದಾ’ ಅಂತ ಕೇಳಿದ್ದೀರಿ. ಹೌದು, ಹೋಗಬೇಕು.

ಜಾನ್ ಕಿರ್ವಾನ್ ಹೆಸರು ನೀವು ಕೇಳಿರುತ್ತೀರಿ. ನ್ಯೂಜಿಲೆಂಡ್ ಪರ 63 ಟೆಸ್ಟ್ ಆಡಿದವರು, 1987ರ ಮೊದಲ ರಗ್ಬಿ ವಿಶ್ವಕಪ್ ಗೆದ್ದ ತಂಡದವರು. ಆಡುತ್ತಿದ್ದ ದಿನಗಳಲ್ಲೇ ಖಿನ್ನತೆಯಿಂದ ನರಳಿದ್ದನ್ನು ಆಮೇಲೆ ಬಾಯಿಬಿಟ್ಟು ಹೇಳಿಕೊಂಡರು. 2012ರಲ್ಲಿ ಅವರಿಗೆ ‘ಸರ್’ ಎನ್ನುವ ನೈಟ್ ಪದವಿ ಬಂದಿದ್ದು ಆಟದ ಜೊತೆಗೆ ಮಾನಸಿಕ ಆರೋಗ್ಯಕ್ಕಾಗಿ ಮಾಡಿದ ಕೆಲಸಕ್ಕೂ ಸೇರಿ.

ಮರೆವಿನ ವಿಷಯ ಬೇರೆಯಾಗಿ ಹೇಳುತ್ತೇನೆ. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ನಿಮ್ಮ ಹಾಗೆ ಮುಂದಿನ ಸಾಲಿನಲ್ಲಿದ್ದವರು ಸ್ಟೀವ್ ಥಾಂಪ್ಸನ್. ಆ ಕಪ್ ಗೆದ್ದದ್ದೇ ತಮಗೆ ನೆನಪಿಲ್ಲ ಅಂತ 2020ರಲ್ಲಿ ಹೇಳಿದರು. ಅವರಿಗೆ ಚಿಕ್ಕ ವಯಸ್ಸಿಗೇ ಮರೆವಿನ ಕಾಯಿಲೆ ಬಂದಿತ್ತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿದ್ದೆಗೆಟ್ಟರೂ ಮರೆವು ಬರುತ್ತದೆ, ಕುಡಿತದಿಂದಲೂ ಬರುತ್ತದೆ, ಖಿನ್ನತೆಯಿಂದಲೂ ಬರುತ್ತದೆ. ಇವೆಲ್ಲ ಸಾಮಾನ್ಯವಾಗಿ ಸರಿಹೋಗುವಂಥವು. ಆದರೆ ತಲೆಗೆ ಎಷ್ಟು ಸಲ ಏಟು ಬಿದ್ದಿತ್ತು, ಎಚ್ಚರ ತಪ್ಪಿತ್ತಾ, ಇದನ್ನು ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ. ರಗ್ಬಿ ಅಂದರೆ ಅವರಿಗೂ ತಟ್ಟನೆ ಹೊಳೆಯದೆ ಇರಬಹುದು.

ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದ್ದರೆ ಮೈಸೂರಿನ ಪಾಲಿಕ್ಲಿನಿಕ್‌ನಿಂದ ತಜ್ಞರಿಗೆ ರೆಫರ್ ಮಾಡಿಸಿಕೊಳ್ಳಿ. ಅಷ್ಟು ದೂರ ಬೇಡ ಅಂದರೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್ ಇದೆ. ರಮ್ ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ, ಆದರೆ ಅದರ ಅಮಲು ಇಳಿಯುವ ಹೊತ್ತೇ ನಿಮ್ಮ ಮೂರು ಗಂಟೆ. ಒಂದು ಎಚ್ಚರಿಕೆ: ದಿನಾ ಜಾಸ್ತಿ ಕುಡಿಯುತ್ತಿದ್ದರೆ ಒಂದೇ ಏಟಿಗೆ ಬಿಡಬೇಡಿ. ಕೈ ನಡುಕ, ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. ಡಾಕ್ಟರನ್ನು ಕೇಳಿಯೇ ಇಳಿಸಿ. ಊಟ ಆಟದ ದಿನಗಳಷ್ಟೇ ಇದ್ದು ಓಟ ನಿಂತಿದ್ದರೆ ಬಿಪಿ, ಶುಗರ್ ಕೂಡ ನೋಡಿಸಿಬಿಡಿ.

ಇನ್ನೊಂದು ಕೆಲಸ ಇದೆ. ಇದನ್ನು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೈಸೂರಿಗೆ ಹೋಗಿ, ಹಳೇ ಮೊಹಲ್ಲಾದ ಯಾವುದಾದರೂ ಗರಡಿ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತು ಬನ್ನಿ. ನಾನೊಮ್ಮೆ ಹೋಗಿದ್ದಾಗ ಎಪ್ಪತ್ತು ದಾಟಿದ ಉಸ್ತಾದರೊಬ್ಬರು ಕೆಮ್ಮಣ್ಣಿನ ಅಂಚಿನಲ್ಲಿ ಕೂತಿದ್ದರು. ಅವರ ಎರಡೂ ಕಿವಿ ನೀವು ಬರೆದ ಹಾಗೇ ಇದ್ದವು. ಕುಸ್ತಿಯ ಮಣ್ಣಿಗೆ ಇಳಿದ ಹುಡುಗರೆಲ್ಲ ಮೊದಲು ಅವರ ಕಾಲು ಮುಟ್ಟುತ್ತಿದ್ದರು. ಅಂಥ ಕಡೆ ನಿಮ್ಮ ಕಿವಿ ನೋಡಿದವರು ಹುಟ್ಟಿದಾಗಿನಿಂದಲೂ ಹೀಗೇನಾ ಅಂತ ಕೇಳುವುದಿಲ್ಲ. ಎಲ್ಲಿ ಆಡ್ತಿದ್ರಿ ಅಂತ ಕೇಳುತ್ತಾರೆ.

ರಗ್ಬಿ ಪರದೇಶದ್ದು, ನಮ್ಮವರಿಗೆ ಏನು ಹೇಳೋದು ಅನ್ನಿಸಿದರೆ ಮಗಳಿಂದ ಶುರುಮಾಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್ ಈಗಲೂ ಆಡುವ ಕಲ್ಕತ್ತಾ ಕಪ್‌ನ ಕಥೆ ಹೇಳಿ. 1870ರ ದಶಕದಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ ಕಪ್ ಅದು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಆಮೇಲೆ ಕಿವಿ ಮುಟ್ಟಿಸಿ, ಇದು ಹೇಗಾಯಿತು ಅಂತ ಹೇಳಿ.

ನಿಮ್ಮ ಪತ್ರದ ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಎರಡು ಸಾಲಿದೆ: ‘ಏನಾಯ್ತು ಅಂದ್ರೆ ಏನಿಲ್ಲ ಬಿಡು ಅಂತಾರೆ. ನಾನು ಹೇಗೆ ಮಾತಾಡಿಸಲಿ ಮೇಡಂ?’ ಹಾಗಾದರೆ ಈ ಪತ್ರ ಅಂಚೆಗೆ ಹಾಕುವ ಮೊದಲು ನೀವು ಮನೆಯವರಿಗೆ ತೋರಿಸಿದ್ದೀರಿ. ಇದನ್ನು ನೋಡಿ ನನಗೆ ತುಂಬಾ ಸಮಾಧಾನವಾಯಿತು.

ಅವರಿಗೆ ನನ್ನ ಉತ್ತರ ಇಷ್ಟು, ತಾಯಿ. ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಗದ್ದೆಗೆ ನೀರು ಕಟ್ಟಲು ಹೋದಾಗ ಜೊತೆಗೆ ಹೋಗಿ, ಪಕ್ಕದಲ್ಲಿ ನಡೆಯುತ್ತಾ ಕೇಳಿ. ಮಾತು ಬರದಿದ್ದರೆ ಸುಮ್ನೆ ಜೊತೆಗಿರಿ. ಕುಡಿದ ಹೊತ್ತಲ್ಲಿ ಈ ವಿಷಯ ಎತ್ತಬೇಡಿ. ‘ಬದುಕಿ ಏನು ಪ್ರಯೋಜನ’ ಎನ್ನುವಂಥ ಮಾತು ಬಂದರೆ, ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬರೇ ಬಿಡಬೇಡಿ, ಗದ್ದೆಗೆ ತಂದ ಔಷಧಿ ಡಬ್ಬಗಳನ್ನು ಮನೆಯಿಂದ ಆಚೆ ಸಾಗಿಸಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಮೂರಕ್ಕೂ ಕನ್ನಡದಲ್ಲೇ ಮಾತಾಡಬಹುದು. ಇಬ್ಬರ ಫೋನಿನಲ್ಲೂ ಇವತ್ತೇ ಸೇವ್ ಮಾಡಿಕೊಳ್ಳಿ.