ತಾತನ ಬಗ್ಗೆ ಬರೆಯಬೇಕು, ಅಪ್ಪ ಬೇಡ ಅಂತಾರೆ

ಪ್ರಶ್ನೆ: ನನಗೆ 34 ವರ್ಷ. ತಾತ ಬಡಗಿಯಾಗಿದ್ದರು. ಚಾಮರಾಜಪೇಟೆಯಲ್ಲಿ ಚಿಕ್ಕ ಅಂಗಡಿ ಇತ್ತು. ಬಸವನಗುಡಿಯ ಹಳೇ ಬಂಗಲೆಗಳ ಮಂಕಿ ಟಾಪ್ ಕಿಟಕಿ ರಿಪೇರಿಗೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೆಳಗ್ಗೆ ಎದ್ದರೆ ಮೊದಲು ಎಚ್‌ಎಂಟಿ ಜನತಾ ವಾಚಿಗೆ ಕೀ ಕೊಟ್ಟು, ಆಮೇಲೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಏಳು ಮೊಮ್ಮಕ್ಕಳಿಗೂ ನಡೆಯೋದು ಕಲಿಯಲು ಮೂರು ಗಾಲಿಯ ಗಾಡಿ ಮಾಡಿಕೊಟ್ಟರು. ಹೋದ ವರ್ಷ ತೀರಿಕೊಂಡರು. ಮುಂದಿನ ತಿಂಗಳು ವರ್ಷದ ತಿಥಿ. ಬಂದವರಿಗೆ ಕೊಡಲು ಅವರ ಬಗ್ಗೆ ಎರಡು ಪುಟ ಬರೆದು ಪ್ರಿಂಟ್ ಹಾಕಿಸುವ ಆಸೆ. ಅಪ್ಪ ಮಾತ್ರ "ನಿನಗೆ ತಾತ, ನನಗೆ ಬೇರೇನೇ ಮನುಷ್ಯ. ನನ್ನ ಹೆಸರು ಹಾಕಬೇಡ" ಎನ್ನುತ್ತಾರೆ. ಅಪ್ಪನನ್ನು ಎಸ್‌ಎಸ್‌ಎಲ್‌ಸಿ ವರ್ಷ ಸ್ಕೂಲು ಬಿಡಿಸಿ ಅಂಗಡಿಯಲ್ಲಿ ಕೂರಿಸಿದ್ದರಂತೆ, ಹೊಡೆಯುತ್ತಿದ್ದರಂತೆ. ಅಪ್ಪ ಆಮೇಲೆ ಓದಿ ಎಚ್‌ಎಂಟಿ ವಾಚ್ ಕಾರ್ಖಾನೆ ಸೇರಿದರು. ಚಿಕ್ಕಪ್ಪ ತಾತನ ಬಡಗಿ ಸಾಮಾನಿನ ಪೆಟ್ಟಿಗೆ ಗುಜರಿಗೆ ಹಾಕು ಅಂತಾರೆ. ಏನು ಮಾಡಲಿ?
– ಮೊಮ್ಮಗಳು, ವಿಜಯನಗರ

ಉತ್ತರ: ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇನೆ. ಅದರಲ್ಲಿ ಅಪ್ಪನಿಗೆ ಸಿಕ್ಕಿದ್ದು ಆರು ಸಾಲು. ಬೈಯುತ್ತಿಲ್ಲ, ಎಣಿಸಿ ಹೇಳಿದೆ ಅಷ್ಟೇ. ಮೊಮ್ಮಕ್ಕಳು ಹುಟ್ಟೋ ಹೊತ್ತಿಗೆ ಮನುಷ್ಯನ ಸಾಲ ತೀರಿರುತ್ತದೆ, ಕೋಪ ಇಳಿದಿರುತ್ತದೆ, ಗಾಡಿ ಮಾಡಿಕೊಡಲು ಪುರುಸೊತ್ತೂ ಇರುತ್ತದೆ. ನೀವು ಕಂಡ ತಾತ ನಿಜವೇ. ಆದರೆ ನಿಮ್ಮಪ್ಪ ಅವರನ್ನು ಕಂಡಿದ್ದು ಬೇರೆ ವಯಸ್ಸಿನಲ್ಲಿ.

ಬರೆಯಿರಿ. ಅಪ್ಪನ ಹೆಸರು ಹಾಕಬೇಡಿ, ಅವರೇ ಬೇಡ ಅಂದಿದ್ದಾರಲ್ಲ. ಒಪ್ಪಿಸಲೂ ಹೋಗಬೇಡಿ. ತಿಥಿ ದಿನ ನೆಂಟರ ಮುಂದೆ "ಎರಡು ಮಾತಾಡಿ" ಅಂತ ಎಬ್ಬಿಸಿ ನಿಲ್ಲಿಸುವುದಂತೂ ಬೇಡವೇ ಬೇಡ.

ಒಂದು ವಿಷಯದಲ್ಲಿ ಮಾತ್ರ ಹುಷಾರು. "ಆದರ್ಶ ತಂದೆ" ಅಂತ ಎಲ್ಲೂ ಬರೆಯಬೇಡಿ. ಪೇಪರಿನ ಶ್ರದ್ಧಾಂಜಲಿಗಳನ್ನು ನೋಡಿ. ಎಲ್ಲರೂ ಸ್ನೇಹಜೀವಿಗಳು, ಎಲ್ಲರೂ ಸರಳ ಸಜ್ಜನರು. ಫೋಟೊ ಅದಲುಬದಲಾದರೂ ಗೊತ್ತಾಗಲ್ಲ. ಆ ಎರಡು ಪದ ಬೇರೆಯವರಿಗೆ ಸುಮ್ನೆ ಒಂದು ಮಾತು. ನಿಮ್ಮಪ್ಪನಿಗೆ ಹಾಗಲ್ಲ. ತನ್ನ ಮನೆಯವರೇ ತನ್ನನ್ನು ಸುಳ್ಳುಗಾರ ಮಾಡಿ ಅಚ್ಚು ಹಾಕಿಸಿದ ಹಾಗೆ.

ಬರೆಯಬೇಕಾದ್ದು ಕೆಲಸದ ಬಗ್ಗೆ. ಮಂಕಿ ಟಾಪ್ ಅಂದರೆ ಏನು ಅಂತ ನಿಮ್ಮ ಮನೆಯ ಚಿಕ್ಕ ಮಕ್ಕಳಿಗೆ ಗೊತ್ತಾ? 1898ರ ಪ್ಲೇಗ್ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಕಿಟಕಿಯ ಮೇಲೆ ಚೂಪು ಟೋಪಿ ಇಟ್ಟ ಹಾಗೆ ಮರದ ಪಟ್ಟಿಗಳ ಮರೆ ಇರುತ್ತಿತ್ತು. ಮಳೆಯ ಎರಚಲು ಒಳಗೆ ಬರಲ್ಲ, ಗಾಳಿ ಬರುತ್ತದೆ. ಒಂದು ಪಟ್ಟಿ ಕೊಳೆತರೆ ಅಂಗಡಿಯಲ್ಲಿ ಸಿಗಲ್ಲ. ಪಕ್ಕದ ಪಟ್ಟಿ ನೋಡಿ, ಅದೇ ಅಂಚು, ಅದೇ ಇಳಿಜಾರು ಬರೋ ಹಾಗೆ ಕೈಯಲ್ಲೇ ಕೊರೆದು ಕೂರಿಸಬೇಕು. ಒಳ್ಳೆ ಕೆಲಸ ಅಂದರೆ ಯಾವುದು ಹೊಸ ಪಟ್ಟಿ ಅಂತ ಮನೆಯವರಿಗೇ ಗೊತ್ತಾಗಬಾರದು. ತಾತ ಕೈಯಿಟ್ಟ ಮನೆಗಳು ಯಾವ ರಸ್ತೆಯಲ್ಲಿದ್ದವು? ಒಂದಾದರೂ ಉಳಿದಿದೆಯಾ, ಅಥವಾ ಎಲ್ಲ ಅಪಾರ್ಟ್‌ಮೆಂಟ್ ಆದವಾ? ತೇಗದಲ್ಲಿ ಮಾಡುತ್ತಿದ್ದರಾ, ಹೊನ್ನೆಯಲ್ಲಾ?

ಇದು ನಿಮಗೂ ಗೊತ್ತಿಲ್ಲ, ಚಿಕ್ಕಪ್ಪನಿಗೂ ಗೊತ್ತಿರಲಿಕ್ಕಿಲ್ಲ. ಆ ವರ್ಷ ಅಂಗಡಿಯಲ್ಲಿ ಮರದ ಹೊಟ್ಟು ಗುಡಿಸಿದ ಹುಡುಗನಿಗೆ ಗೊತ್ತು. ಅವರನ್ನೇ ಕೇಳಿ. "ತಾತನ ಮೇಲೆ ಇನ್ನೂ ಸಿಟ್ಟಾ ಅಪ್ಪಾ?" ಅಂತಲ್ಲ. "ಆ ಪಟ್ಟಿ ಎಷ್ಟು ಇಂಚು ಇರುತ್ತಿತ್ತು?" ಅಂತ. ನಮ್ಮ ಗಂಡಸರು ಕೆಲಸದ ಬಗ್ಗೆ ಕೇಳಿದರೆ ಮಾತಾಡುತ್ತಾರೆ, ಮನಸ್ಸಿನ ಬಗ್ಗೆ ಕೇಳಿದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ. ಮಾತಿನ ಮಧ್ಯೆ ಏಟಿನ ವಿಷಯ ಬಂದರೂ ಬರಬಹುದು. ಆಗ "ಆ ಕಾಲದಲ್ಲಿ ಎಲ್ಲರೂ ಹೊಡೀತಿದ್ರು ಬಿಡಿ" ಅನ್ನಬೇಡಿ. ಕಾಫಿ ಆರಿದರೂ ಪರವಾಗಿಲ್ಲ, ಕೇಳಿಸಿಕೊಳ್ಳಿ. ಅದು ಅಚ್ಚಿಗಲ್ಲ, ನಿಮಗೆ ಹೇಳಿದ್ದು.

ಪೆಟ್ಟಿಗೆ ಗುಜರಿಗೆ ಹಾಕಬೇಡಿ. ಅಲ್ಲಿ ಕೆಜಿ ಲೆಕ್ಕ. ಉಳಿಯೂ ಒಂದೇ, ಮುರಿದ ಬಕೆಟ್ಟಿನ ಹಿಡಿಯೂ ಒಂದೇ. ಒಂದು ಹಗಲು ಕೂತು ಬಿಚ್ಚಿ. ಮರದ ಕೊಡತಿಯನ್ನು ತಿರುಗಿಸಿ ನೋಡಿ, ಉಳಿಯ ತಲೆಗೆ ಬಡಿದೂ ಬಡಿದೂ ಒಂದು ಮುಖದಲ್ಲಿ ಗುಳಿ ಬಿದ್ದಿರುತ್ತದೆ. ಉಜ್ಜುಗೊರಡಿನಲ್ಲಿ ಹೆಬ್ಬೆರಳು ಕೂರುವ ಜಾಗ ನುಣುಪಾಗಿರುತ್ತದೆ. ಅದರ ಮೇಲೆ ವಾರ್ನಿಷ್ ಹೊಡೆದು ಶೋಕೇಸಿಗೆ ಸೇರಿಸಿದರೆ ಆ ನುಣುಪೂ ಹೋಯಿತು. ಮಳೆಗಾಲದ ತೇವಕ್ಕೆ ಉಳಿ ತುಕ್ಕು ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಮೆಷಿನ್ ಎಣ್ಣೆ ಸವರಿಡಿ. ಮೊದಲು ಅಪ್ಪನಿಗೆ ತೋರಿಸಿ, ಬೇಕಾದ್ದು ತೆಗೆದುಕೊಳ್ಳಲಿ. ಬೇಡ ಅಂದರೂ ಸರಿ. ನೀವೊಂದು ಇಟ್ಟುಕೊಳ್ಳಿ. ಉಳಿದದ್ದನ್ನು ಬಳಸುವವರಿಗೆ ಕೊಡಿ. ಪ್ಲೈವುಡ್, ಲ್ಯಾಮಿನೇಟ್ ಕೆಲಸದವರಿಗೆ ಇವು ಅಷ್ಟಾಗಿ ಬೇಕಾಗಲ್ಲ. ದೇವರ ಮಂಟಪ, ಬಾಗಿಲು ಕೆತ್ತುವವರಿಗೆ ಈಗಲೂ ಬೇಕು. ಆಯುಧಪೂಜೆಗೆ ಮುಂಚೆ ಕೊಟ್ಟರೆ ಅವರೇ ಕುಂಕುಮ ಇಟ್ಟು ಪೂಜೆ ಮಾಡುತ್ತಾರೆ.

ಇನ್ನು ಆ ಜನತಾ ವಾಚು. ಪತ್ರದಲ್ಲಿ ಅದನ್ನು ಹಾಗೇ ದಾಟಿಬಿಟ್ಟಿದ್ದೀರಿ. ಎಚ್‌ಎಂಟಿ ವಾಚಿಗೆ ಜನ ಕಾಯುತ್ತಿದ್ದ ಕಾಲ ಒಂದಿತ್ತು. 2016ರಲ್ಲಿ ವಾಚ್ ಘಟಕ ಮುಚ್ಚುವ ನಿರ್ಧಾರವೂ ಆಯಿತು. ನಿಮ್ಮಪ್ಪ ಅಲ್ಲೇ ಕೆಲಸದಲ್ಲಿದ್ದವರು, ಅವರದೂ ಕೈಕೆಲಸವೇ ಅಲ್ವಾ? ತಾತ ದಿನಾ ಬೆಳಗ್ಗೆ ಉಳಿ ಮುಟ್ಟುವ ಮುಂಚೆ ಮುಟ್ಟುತ್ತಿದ್ದ ಆ ವಾಚನ್ನು ತಂದುಕೊಟ್ಟಿದ್ದು ಯಾರು? ನನ್ನ ಊಹೆ ತಪ್ಪಿದ್ದರೂ ಇರಬಹುದು. ಸರಿಯಾಗಿದ್ದರೂ ಅದನ್ನು ಅಪ್ಪನ ಮುಂದೆ ಸಾಕ್ಷಿಯ ಹಾಗೆ ಹಿಡಿಯಬೇಡಿ, "ನೋಡಿ, ತಾತನಿಗೆ ನಿಮ್ಮ ಮೇಲೆ ಪ್ರೀತಿ ಇತ್ತು" ಅಂತ ಶುರು ಮಾಡಬೇಡಿ. ತಾತ ಕೀ ಕೊಡುತ್ತಿದ್ದರು ಅಂತ ಪುಟದಲ್ಲಿ ಒಂದು ಸಾಲು ಬರೆಯಿರಿ, ಸಾಕು. ಅಪ್ಪ ಓದಿದರೆ ಓದಲಿ.

ವಾಚು ಈಗ ಯಾರ ಹತ್ತಿರ ಇದೆ ಅಂತ ನೀವು ಬರೆದಿಲ್ಲ. ಪೆಟ್ಟಿಗೆ ಬಿಚ್ಚಿದ ದಿನ ಅದನ್ನೂ ಹುಡುಕಿ.